ಬೇಟೆಯ ಬರಹದಲ್ಲಿ ದಾರಿ ತೋರಿದವರು

ಕನ್ನಡದಲ್ಲಿ ಬೇಟೆ ಸಾಹಿತ್ಯಕ್ಕೆ ಓದುಗರ ಕೊರತೆ ಯಾವತ್ತೂ ಇರಲಿಲ್ಲ. ಆದರೆ ವಿಮರ್ಶಕರು ಅದರ ಕಡೆ ಕಣ್ಣು ಹಾಯಿಸಿದ್ದು ಅಪರೂಪ. ಅದು ಹುಡುಗರ ಓದು, ಹೊತ್ತು ಕಳೆಯುವ ಓದು ಎಂಬ ತಾತ್ಸಾರ ಒಂದು ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬೇಲಿ ಹಾಕಿತು, 1991ರ ತಿದ್ದುಪಡಿ ಪರವಾನಗಿ ಪಡೆದು ಬೇಟೆಯಾಡುವ ಬಾಗಿಲನ್ನೂ ಮುಚ್ಚಿತು. ಅಪರಾಧವಾಗಿಬಿಟ್ಟ ಒಂದು ಕೆಲಸದ ಬರಹವನ್ನು ಮೆಚ್ಚುವುದು ಹೇಗೆ ಎಂಬ ಮುಜುಗರ ಇನ್ನೊಂದು ಕಡೆ. ಹೀಗಾಗಿ ಈ ಬರಹವನ್ನು ರೋಚಕವೆಂದು ಹೊಗಳುವವರು ಇದ್ದಾರೆ, ಕ್ರೂರವೆಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಗುಂಪಿನವರು ಒಂದು ಸರಳ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಕೋವಿ ಹಿಡಿದು ಹೋದವನಿಗೆ ಕಾಡಿನೊಳಗಿನ ಆ ಜಾಗ ಗೊತ್ತಾದದ್ದು ಹೇಗೆ? ಅಲ್ಲಿಗೆ ದಾರಿ ತೋರಿದವರು ಯಾರು?

ಬೇಟೆಯ ಕತೆಯಲ್ಲಿ ಗುಂಡು ಹಾರುವುದು ಒಂದು ಗಳಿಗೆಯ ಕೆಲಸ. ಉಳಿದದ್ದೆಲ್ಲ ಹುಡುಕಾಟ. ಪ್ರಾಣಿ ಎಲ್ಲಿದೆ, ಎಲ್ಲಿ ನೀರು ಕುಡಿಯುತ್ತದೆ, ಯಾವ ಕಂಡಿಯಲ್ಲಿ ದಾಟುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬ ತಿಳಿವಳಿಕೆಯೇ ಬೇಟೆ. ಹಾಗಿರುವಾಗ ಈ ತಿಳಿವಳಿಕೆ ಯಾರದ್ದು ಎಂಬುದನ್ನು ಬಿಟ್ಟು ಬೇಟೆ ಸಾಹಿತ್ಯವನ್ನು ಓದಿದರೆ ಅರ್ಧ ಓದಿದ ಹಾಗೆ.

ಪ್ರಶ್ನೆಯನ್ನು ಸ್ಪಷ್ಟ ಮಾಡಿಕೊಳ್ಳಲು ಸ್ವಲ್ಪ ದೂರದ ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಪಶ್ಚಿಮ ಭಾಗದ ಕೊಲರಾಡೊ, ಯೂಟಾ, ವಯೋಮಿಂಗ್, ಇಡಾಹೊ ಮೊದಲಾದ ರಾಜ್ಯಗಳಲ್ಲಿ ಮ್ಯೂಲ್ ಡಿಯರ್ ಎಂಬ ಜಿಂಕೆಯಿದೆ. ಹೇಸರಗತ್ತೆಯಂಥ ದೊಡ್ಡ ಕಿವಿ ಇರುವುದರಿಂದ ಅದಕ್ಕೆ ಆ ಹೆಸರು. ಅಲ್ಲಿ ಅದರ ಬೇಟೆ ಕಾನೂನುಬದ್ಧ. ಒಂದು ಋತುವಿಗೆ ಇಷ್ಟೇ ಎಂದು ರಾಜ್ಯ ಸರಕಾರ ಪರವಾನಗಿ ಕೊಡುತ್ತದೆ. ಬೇಡಿಕೆ ಹೆಚ್ಚಿರುವ ಕಡೆ ಚೀಟಿ ಎತ್ತುತ್ತದೆ. ಪರವಾನಗಿ ಸಿಕ್ಕಿದವನು ತಿಂಗಳುಗಟ್ಟಲೆ ನಕ್ಷೆಗಳನ್ನು, ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂರುತ್ತಾನೆ. ಅವನು ಹುಡುಕುವುದು ರಸ್ತೆಯಿಂದ ದೂರವಾದ, ಬೇರೆ ಬೇಟೆಗಾರರು ನಡೆದು ಬರಲು ಬೇಸರಪಡುವ, ಮರಗಳು ಮುಗಿದು ಹುಲ್ಲು ಬಂಡೆ ಶುರುವಾಗುವ ಎತ್ತರದ ಕಣಿವೆಯನ್ನು. ಗುಡಾರ, ಊಟ, ಹಾಸಿಗೆ ಎಲ್ಲವನ್ನೂ ಬೆನ್ನಿಗೆ ಹೊತ್ತು ಅಲ್ಲಿಗೆ ನಡೆಯುತ್ತಾನೆ. ನಸುಕಿನಲ್ಲಿ ದಿಬ್ಬದ ಮೇಲೆ ಕುಳಿತು ದುರ್ಬೀನಿನಲ್ಲಿ ಎದುರಿನ ಇಳಿಜಾರನ್ನು ಅಂಗುಲ ಅಂಗುಲವಾಗಿ ನೋಡುತ್ತಾನೆ. ಪ್ರಾಣಿ ಬಿದ್ದರೆ ಮಾಂಸವನ್ನು ಅದೇ ಬೆನ್ನಿನಲ್ಲಿ ಹೊತ್ತು ತರುತ್ತಾನೆ.

ಇದರಲ್ಲಿ ಶ್ರಮವಿದೆ, ಒಂದು ಬಗೆಯ ಪ್ರಾಮಾಣಿಕತೆಯೂ ಇದೆ. ಆದರೆ ಈ ಚಿತ್ರದಲ್ಲಿ ಬೇಟೆಗಾರ ಒಬ್ಬನೇ. ಅವನಿಗೂ ಜಿಂಕೆಗೂ ನಡುವೆ ಇರುವುದು ನಕ್ಷೆ ಮಾತ್ರ. ಆ ನೆಲ ಖಾಲಿ. 1964ರಲ್ಲಿ ಅಮೆರಿಕ ಮಾಡಿದ ವನ್ಯಪ್ರದೇಶ ಕಾಯ್ದೆ ಇಂಥ ನೆಲದಲ್ಲಿ ಮನುಷ್ಯ ಬಂದು ಹೋಗುವ ಅತಿಥಿಯೇ ಹೊರತು ನೆಲೆಸುವವನಲ್ಲ ಎಂದೇ ಭಾವಿಸುತ್ತದೆ. ಆದರೆ ಆ ಕಣಿವೆಗಳಲ್ಲಿ ಯೂಟ್, ಶೋಶೋನಿ ಮುಂತಾದ ಮೂಲನಿವಾಸಿಗಳು ತಲೆತಲಾಂತರದಿಂದ ಬೇಟೆಯಾಡಿ ಬದುಕಿದ್ದರು. ಅವರನ್ನು ಅಲ್ಲಿಂದ ಎಬ್ಬಿಸಿದ ನಂತರವೇ ಆ ನೆಲ ಖಾಲಿಯಾಗಿ ಕಂಡದ್ದು. 1995ರಲ್ಲಿ ಅಮೆರಿಕದ ಚರಿತ್ರಕಾರ ವಿಲಿಯಂ ಕ್ರೋನನ್ ಇದನ್ನು ಎತ್ತಿ ತೋರಿಸಿದರು. ಅದಕ್ಕೂ ಮೊದಲು, 1989ರಲ್ಲಿ, ನಮ್ಮ ರಾಮಚಂದ್ರ ಗುಹಾ ಮನುಷ್ಯರಿಲ್ಲದ ಕಾಡು ಎಂಬ ಈ ಆದರ್ಶವನ್ನು ಭಾರತದಂಥ ದೇಶಕ್ಕೆ ತಂದರೆ ಬಡವರ ಬದುಕಿನ ಮೇಲೆ ಕಲ್ಲು ಹಾಕಿದಂತೆ ಎಂದು ವಾದಿಸಿದ್ದರು.

ಈ ಕಣ್ಣಿನಿಂದ ನಮ್ಮ ಕಡೆಯ ಕಾಡನ್ನು ನೋಡೋಣ. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಅರಂತೋಡು, ಕಲ್ಲುಗುಂಡಿ ದಾಟಿದರೆ ಸಂಪಾಜೆ. ಪಯಸ್ವಿನಿಯ ದಡದ ಊರು. ಘಟ್ಟದ ಬುಡ. ಇಲ್ಲಿ ದಕ್ಷಿಣ ಕನ್ನಡ ಮುಗಿದು ಕೊಡಗು ಶುರುವಾಗುತ್ತದೆ. ಸಂಪಾಜೆ ಎಂಬ ಹೆಸರಿನ ಗ್ರಾಮ ಪಂಚಾಯತ್ ಗಡಿಯ ಎರಡೂ ಕಡೆ ಇದೆ. ಒಂದು ಸುಳ್ಯ ತಾಲೂಕಿಗೆ, ಇನ್ನೊಂದು ಮಡಿಕೇರಿ ತಾಲೂಕಿಗೆ ಸೇರಿದೆ. ಈ ಆಸುಪಾಸಿನಲ್ಲಿ ತುಳು, ಅರೆಭಾಷೆ, ಕನ್ನಡ, ಮಲಯಾಳ, ಬ್ಯಾರಿ, ಕೊಡವ ಮಾತುಗಳು ಕಿವಿಗೆ ಬೀಳುತ್ತವೆ. ಪ್ರಾಣಿಗಳ ಹೆಸರೂ ಗಡಿಯಲ್ಲಿ ವೇಷ ಬದಲಿಸುತ್ತದೆ. ತುಳುವರ ಪಿಲಿ ಕನ್ನಡದಲ್ಲಿ ಹುಲಿ. ಘಟ್ಟದ ಮೇಲಿನ ಕೊಡವ ಮಾತಿನಲ್ಲಿ ಅದೇ ಪ್ರಾಣಿ ನರಿ. ಹುಲಿ ಹೊಡೆದ ಕೊಡವನಿಗೆ ಮದುವೆಯ ವೈಭವದಲ್ಲಿ ಮಾಡುತ್ತಿದ್ದ ಸನ್ಮಾನದ ಹೆಸರು ನರಿ ಮಂಗಲ. ಕನ್ನಡವಷ್ಟೇ ಬಲ್ಲವನು ಇದನ್ನು ಕೇಳಿದರೆ ನಗಬಹುದು.

ಹೊರಗಿನವರ ಕಣ್ಣಿಗೆ ಇದು ದಟ್ಟಡವಿ. ಒಳಗಿನವರಿಗೆ ಇದರ ಪ್ರತಿ ತೋಡಿಗೂ, ಪ್ರತಿ ಪದವಿಗೂ ಹೆಸರಿದೆ. ಎಲ್ಲಿ ಕಡವೆ ಕೆಸರಿನಲ್ಲಿ ಹೊರಳುತ್ತದೆ, ಯಾವ ಮರದ ತೊಗಟೆಗೆ ಕೊಂಬು ಉಜ್ಜುತ್ತದೆ, ನೆಲ್ಲಿಕಾಯಿ ಉದುರುವ ಕಾಲದಲ್ಲಿ ಯಾವ ಮರದಡಿಗೆ ಬರುತ್ತದೆ, ಸೀಳುನಾಯಿಗಳು ಅಟ್ಟಿದರೆ ಯಾವ ನೀರಿಗೆ ಬೀಳುತ್ತದೆ ಎಂಬುದೆಲ್ಲ ಒಂದು ಸಮುದಾಯದ ನೆನಪಿನಲ್ಲಿ ದಾಖಲಾಗಿದೆ. ಅಮೆರಿಕದ ಬೇಟೆಗಾರ ಕಾಗದದ ನಕ್ಷೆಯಲ್ಲಿ ಹುಡುಕುವುದನ್ನು ಇಲ್ಲಿ ಮಲೆಕುಡಿಯರು, ಗೌಡರು, ತೋಟದ ಆಳುಗಳು ತಲೆಯಲ್ಲಿ ಹೊತ್ತು ತಿರುಗುತ್ತಾರೆ. ನಮ್ಮ ಬೇಟೆ ಸಾಹಿತ್ಯದ ನಿಜವಾದ ಬಂಡವಾಳ ಇದು.

ಈ ಸೀಮೆಯ ಅತಿ ಹಳೆಯ ಬೇಟೆಯ ಕತೆ ಪುಸ್ತಕದಲ್ಲಿ ಹುಟ್ಟಿದ್ದಲ್ಲ. ಹೆಂಗಸರು ಗದ್ದೆಯಲ್ಲಿ ನೇಜಿ ನೆಡುತ್ತ ಹಾಡಿದ ಕೋಟಿ ಚೆನ್ನಯರ ಪಾಡ್ದನದಲ್ಲಿ ಅದಿದೆ. ಎಣ್ಮೂರು ಮತ್ತು ಪಂಜ ಈ ಸೀಮೆಯದೇ ಊರುಗಳು. ಪಾಠದಿಂದ ಪಾಠಕ್ಕೆ ವಿವರ ಬೇರೆಯಾದರೂ ತಿರುಳು ಒಂದೇ. ಒಂದು ಕಾಡುಹಂದಿ ಬೀಳುತ್ತದೆ. ಅದು ಯಾರ ಗಡಿಯ ಹಂದಿ, ಎಣ್ಮೂರಿನದೋ ಪಂಜದ್ದೋ ಎಂದು ಜಗಳವಾಗುತ್ತದೆ. ಜಗಳ ಯುದ್ಧವಾಗುತ್ತದೆ. ಯುದ್ಧದಲ್ಲಿ ವೀರರು ಅಳಿಯುತ್ತಾರೆ. ಹಂದಿಗೆ ಗಡಿ ಗೊತ್ತಿಲ್ಲ, ಬಲ್ಲಾಳರಿಗೆ ಗೊತ್ತಿದೆ. ಬೇಟೆ ಎಂದರೆ ಬರಿಯ ಮಾಂಸವಲ್ಲ, ನೆಲದ ಮೇಲಿನ ಯಜಮಾನಿಕೆಯ ಘೋಷಣೆ ಎಂಬುದನ್ನು ಈ ಪಾಡ್ದನ ಎಂದೋ ಹೇಳಿಬಿಟ್ಟಿದೆ. ಗಡಿಗಾಗಿ ಬಡಿದಾಡುವವರು ಬಲ್ಲಾಳರು, ಸಾಯುವವರು ಅವರ ಆಶ್ರಯಕ್ಕೆ ಬಂದ ಬಿಲ್ಲವ ಹುಡುಗರು ಎಂಬುದನ್ನೂ ಹೇಳಿದೆ. ಇಲ್ಲಿ ಸತ್ತವರ ಹೆಸರು ಉಳಿಯಿತು, ಗರೋಡಿಗಳಲ್ಲಿ ಅವರಿಗೆ ಪೂಜೆ ಸಲ್ಲುತ್ತಿದೆ. ಮುಂದೆ ಬಂದ ಅಚ್ಚಿನ ಬೇಟೆ ಸಾಹಿತ್ಯದಲ್ಲಿ ಅಂಥವರಿಗೆ ಆ ಭಾಗ್ಯವಿಲ್ಲ.

ಅಚ್ಚಿನಲ್ಲಿ ಕನ್ನಡಿಗರಿಗೆ ಹೆಚ್ಚು ಪರಿಚಿತನಾದ ಬೇಟೆಗಾರ ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974). ಪೂರ್ಣಚಂದ್ರ ತೇಜಸ್ವಿ ಕಾಡಿನ ಕತೆಗಳು ಮಾಲೆಯಲ್ಲಿ ಆತನನ್ನು ಕನ್ನಡಕ್ಕೆ ತಂದ ಮೇಲೆ ಪೆದ್ದಚೆರುವು, ಜಾಲಹಳ್ಳಿ, ಮಾಗಡಿಗಳೆಲ್ಲ ನಮ್ಮ ಹುಡುಗರ ಬಾಯಲ್ಲಿ ಮನೆಮಾತಾದವು. ಆಂಡರ್ಸನ್ನನ ಕತೆಗಳಲ್ಲಿ ಬೈರ ಎಂಬ ಪೂಜಾರಿ ಬುಡಕಟ್ಟಿನ ಮನುಷ್ಯನಿದ್ದಾನೆ. ರಂಗ ಎಂಬ ಇನ್ನೊಬ್ಬನಿದ್ದಾನೆ. ಹೆಜ್ಜೆ ಹುಡುಕುವವರು, ಸದ್ದು ಗುರುತಿಸುವವರು, ಸಾಯುವ ಅಪಾಯಕ್ಕೆ ಮೊದಲು ಮೈಯೊಡ್ಡುವವರು ಇವರು. ಆಂಡರ್ಸನ್ ಬೈರನನ್ನು ಮರೆಮಾಚುವುದಿಲ್ಲ. ಅವನ ಮೇಲೆ ನಿಜವಾದ ಪ್ರೀತಿ ಇಟ್ಟಿದ್ದಾನೆ. ಹಲವು ಬಿಳಿಯ ಬೇಟೆಗಾರರಲ್ಲಿ ಕಾಣದ ಗುಣ ಇದು. ಆದರೂ ಒಂದು ಮಾತನ್ನು ಗಮನಿಸಬೇಕು. ಇದೇ ಬೈರ ಆಂಡರ್ಸನ್ನನ ಬರಹದಲ್ಲಿ ಕಳ್ಳಬೇಟೆಗಾರ. ಒಂದೇ ಕಾಡು, ಒಂದೇ ಪ್ರಾಣಿ. ದೊರೆ ಹೊಡೆದರೆ ಶಿಕಾರಿ, ಬೈರ ಹೊಡೆದರೆ ಕಳವು. ಈ ವ್ಯತ್ಯಾಸವನ್ನು ಮಾಡಿದ್ದು ಕಾಡಲ್ಲ, ಪರವಾನಗಿ ಪುಸ್ತಕ. ಪ್ರೀತಿಯ ಬರಹಗಾರನೂ ಈ ಗೆರೆಯನ್ನು ದಾಟಿ ಯೋಚಿಸಲಿಲ್ಲ.

ಕನ್ನಡದ್ದೇ ಬರಹಗಾರರ ಬಳಿಗೆ ಬಂದರೆ ನೋಟ ಬದಲಾಗುತ್ತದೆ. ಕುವೆಂಪು ಅವರ ಮಲೆನಾಡಿನಲ್ಲಿ ಬೇಟೆ ಒಬ್ಬನ ಸಾಹಸವಲ್ಲ, ಊರಿನ ಕೆಲಸ. ಕಾನೂರು ಹೆಗ್ಗಡಿತಿಯಲ್ಲಿ (1936) ಪುಟ್ಟಣ್ಣ ಬೇಟೆಗಾರನೆಂದೇ ಹೆಸರಾದವನು. ಸೋವಿನ ಬೇಟೆಯಲ್ಲಿ ಕೋವಿ ಹಿಡಿದು ಕಂಡಿಗೆ ನಿಲ್ಲುವವರು ಕೆಲವರು, ಮುಳ್ಳು ಜಿಗಣೆಗಳ ನಡುವೆ ಹಳು ನುಗ್ಗಿ ಪ್ರಾಣಿಯನ್ನು ಎಬ್ಬಿಸುವವರು ಹಲವರು. ಕಂಡಿಗೆ ನಿಲ್ಲುವವರ ಮತ್ತು ಹಳು ನುಗ್ಗುವವರ ಜಾತಿ ಯಾವುದು, ಗೇಣಿ ಯಾವುದು ಎಂಬುದನ್ನು ಓದುಗ ಸುಲಭವಾಗಿ ಊಹಿಸಬಹುದು. ಮಲೆಗಳಲ್ಲಿ ಮದುಮಗಳು (1967) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಕಾಡಿನ ದಾರಿಯ ಮೊದಲ ಹೆಜ್ಜೆ ಇಡುವವನೇ ಜೀತದ ನಾಯಿಗುತ್ತಿ. ಅವನ ಜೊತೆಗೆ ಹುಲಿಯ ಎಂಬ ನಾಯಿ. ಕಾಡನ್ನು ನಾವು ಗೌಡರ ಜಗಲಿಯಿಂದ ನೋಡುವುದಿಲ್ಲ, ಗುತ್ತಿಯ ಕಾಲಿನಿಂದ ತುಳಿಯುತ್ತೇವೆ. ಇದೊಂದು ದೊಡ್ಡ ಸಾಧನೆ.

ಆದರೆ ಅದೇ ಕಾದಂಬರಿಯಲ್ಲಿ ಸಾಬರು ಬರುವ ರೀತಿಯನ್ನೂ ನಾವು ಓದಬೇಕು. ಕರಿಮೀನು ಸಾಬಿ, ಪುಡಿ ಸಾಬಿ ಎಂಬ ಅಡ್ಡಹೆಸರುಗಳಲ್ಲಿ ಅವರು ಬರುತ್ತಾರೆ. ಮಾರುವ ಸರಕೇ ಮನುಷ್ಯನ ಹೆಸರಾಗಿಬಿಡುತ್ತದೆ. ಘಟ್ಟದ ಮೇಲಕ್ಕೂ ಕೆಳಕ್ಕೂ ಒಣಮೀನು, ಉಪ್ಪು, ಹೊಗೆಸೊಪ್ಪು ಹೊತ್ತು ನಡೆದ ವ್ಯಾಪಾರಿಗಳಿಗೆ ಕಾಡಿನ ಒಳದಾರಿಗಳು ಬೇಟೆಗಾರನಷ್ಟೇ ಗೊತ್ತಿದ್ದವು. ಆದರೆ ಕನ್ನಡ ಕಾದಂಬರಿ ಅವರನ್ನು ದಾರಿ ಬಲ್ಲವರಾಗಿ ಕಾಣಲಿಲ್ಲ, ದಾರಿಯಲ್ಲಿ ಸಿಗುವವರಾಗಿ ಕಂಡಿತು. ಕುವೆಂಪು ಅವರ ದೊಡ್ಡತನಕ್ಕೆ ಇದರಿಂದ ಕುಂದಿಲ್ಲ. ಆದರೆ ದೊಡ್ಡ ಕಣ್ಣಿಗೂ ಒಂದು ಮೂಲೆ ಕಾಣದೆ ಉಳಿಯುತ್ತದೆ ಎಂದು ಹೇಳದಿದ್ದರೆ ವಿಮರ್ಶೆಗೆ ಕೆಲಸವೇ ಇಲ್ಲ.

ಸಂಪಾಜೆಯ ನೆರೆಗೆ ಇನ್ನೂ ಹತ್ತಿರ ಬರುವವರು ಶಿವರಾಮ ಕಾರಂತರು. ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಅವರ ಬೆಟ್ಟದ ಜೀವ (1943) ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನ ಕತೆ. ಅದು ಬೇಟೆಯ ಕಾದಂಬರಿಯಲ್ಲ. ಆದರೆ ನಾವು ಕೇಳುತ್ತಿರುವ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಪೇಟೆಯ ನಿರೂಪಕ ಕತ್ತಲೆಯಲ್ಲಿ ದಾರಿ ತಪ್ಪುತ್ತಾನೆ. ದೇರಣ್ಣ, ಬಟ್ಯ ಎಂಬಿಬ್ಬರು ಸಿಗುತ್ತಾರೆ. ಅವರು ಅವನನ್ನು ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಅಲ್ಲಿಂದ ಕಾದಂಬರಿ ಗೋಪಾಲಯ್ಯ ಮತ್ತು ಶಂಕರಮ್ಮನವರದ್ದಾಗುತ್ತದೆ. ಕಾಡು ಕಡಿದು ಅಡಕೆ ತೋಟ ಎಬ್ಬಿಸಿದ ಛಲ, ಊರು ಬಿಟ್ಟು ಹೋದ ಮಗ ಶಂಭುವಿನ ಕೊರಗು, ಆನೆ ಹುಲಿಗಳ ಜೊತೆಗಿನ ಗುದ್ದಾಟ ಎಲ್ಲವೂ ಬರುತ್ತವೆ. ಗೋಪಾಲಯ್ಯನಂಥ ಜೀವವನ್ನು ಕಟ್ಟಿಕೊಟ್ಟ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಕತ್ತಲಲ್ಲಿ ದಾರಿ ಬಲ್ಲ ದೇರಣ್ಣ ಮತ್ತು ಬಟ್ಯರ ಮನೆ ಎಲ್ಲಿ? ಅವರ ಮಕ್ಕಳು ಯಾರು? ಕಾದಂಬರಿಯ ಬಾಗಿಲು ತೆರೆದವರು ಅಂಗಳದಲ್ಲೇ ಉಳಿದರಲ್ಲವೇ?

ಕಾರಂತರಿಗೆ ಈ ಕೊರತೆ ಕಾಡಿರಬೇಕು ಎಂದು ನಾವು ಊಹಿಸಬಹುದು. ಕೆಲವೇ ವರ್ಷಗಳಲ್ಲಿ ಅವರು ಕುಡಿಯರ ಕೂಸು (1951) ಬರೆದರು. ಘಟ್ಟದ ಕಾಡಿನ ಕುಡಿಯರ ಬದುಕನ್ನೇ ಕತೆಯ ನಡುವಿಗೆ ತಂದರು. ಬೇಟೆ ಅಲ್ಲಿ ಸಾಹಸವಲ್ಲ, ಊಟ. ಕಾಡು ಅಲ್ಲಿ ನಿಗೂಢವಲ್ಲ, ಮನೆ. ಅಂಗಳದಲ್ಲಿ ನಿಂತವರನ್ನು ಒಳಗೆ ಕರೆದು ಕೂರಿಸಿದ ಕಾದಂಬರಿ ಇದು. ಬೆಟ್ಟದ ಜೀವಕ್ಕೆ ಸಿಕ್ಕ ಮನ್ನಣೆಯಲ್ಲಿ ಅರ್ಧದಷ್ಟೂ ಇದಕ್ಕೆ ಸಿಗಲಿಲ್ಲ ಎಂಬುದು ನಮ್ಮ ಓದುಗ ವರ್ಗದ ಬಗ್ಗೆಯೂ ಏನನ್ನೋ ಹೇಳುತ್ತದೆ.

ಇನ್ನು ಬೇಟೆಗಾರರೇ ಬರೆದ ಬರಹ. ಪುತ್ತೂರು ಸೀಮೆಯ ಕೃಷಿಕ ಮತ್ತು ತುಳು ಲೇಖಕ ಕೆದಂಬಾಡಿ ಜತ್ತಪ್ಪ ರೈಯವರ ಬೇಟೆಯ ನೆನಪುಗಳು ಇಲ್ಲಿ ಮುಖ್ಯ. ಆಂಡರ್ಸನ್ ಹೊರಗಿನಿಂದ ಕಾಡಿಗೆ ಬಂದವನು. ರೈಯವರಂಥವರು ಕಾಡಿನ ಅಂಚಿನಲ್ಲೇ ಗದ್ದೆ ತೋಟ ಮಾಡಿದವರು. ಅವರ ಮಟ್ಟಿಗೆ ಹಂದಿ ಬೆಳೆ ತಿನ್ನುವ ಪ್ರಾಣಿಯೂ ಹೌದು, ಬೇಟೆಯ ಪ್ರಾಣಿಯೂ ಹೌದು. ಇಂಥ ಬರಹದ ಬೆಲೆ ಅದರ ಮಾತಿನಲ್ಲಿದೆ. ಕೇಪಿನ ಕೋವಿ, ತೋಟೆ, ಈಡು, ಸೋವು, ಕಂಡಿ, ಅಟ್ಟಣೆ, ಹಿಕ್ಕೆ, ಗೊರಸಿನ ಗುರುತು ಮುಂತಾದ ಪದಗಳ ಒಂದು ಲೋಕವೇ ಬೇಟೆಯ ನೆನಪಿನಲ್ಲಿ ಬದುಕಿದೆ. ಬೇಟೆ ನಿಂತಾಗ ಪ್ರಾಣಿ ಉಳಿಯಿತೋ ಇಲ್ಲವೋ, ಮಾತುಗಳಂತೂ ಸಾಯತೊಡಗಿದವು. ಸಂರಕ್ಷಣೆಯ ಹೆಸರಿನಲ್ಲಿ ಈ ಬರಹವನ್ನು ಅಸ್ಪೃಶ್ಯ ಮಾಡಿದರೆ ಕಾಡಿನ ಬಗೆಗಿನ ಒಂದು ದೊಡ್ಡ ಅರಿವನ್ನೇ ಕಳೆದುಕೊಳ್ಳುತ್ತೇವೆ.

ಹಾಗೆಂದು ನೆನಪುಗಳಿಗೆ ಮರುಳಾಗಬೇಕಿಲ್ಲ. ಬೇಟೆಯ ನೆನಪು ಬರೆಯಲು ಮೂರು ವಸ್ತು ಬೇಕು. ಅಕ್ಷರ, ಬಿಡುವು ಮತ್ತು ಪರವಾನಗಿಯ ಕೋವಿ. ಈ ಮೂರೂ ಭೂಮಿಯಿದ್ದವರ ಬಳಿ ಇದ್ದವು. ಉರುಳು ಇಡುತ್ತಿದ್ದವನ ಬಳಿ, ಬಲೆ ಹೊರುತ್ತಿದ್ದವನ ಬಳಿ ಒಂದೂ ಇರಲಿಲ್ಲ. ಹೀಗಾಗಿ ಒಂದೇ ಕಾಡಿನ ಒಂದೇ ಬೇಟೆ ಒಬ್ಬನ ಪಾಲಿಗೆ ಸಾಹಿತ್ಯವಾಯಿತು, ಇನ್ನೊಬ್ಬನ ಪಾಲಿಗೆ ಕೇಸಾಯಿತು. ನಮ್ಮ ವಿಮರ್ಶೆ ಎತ್ತಬೇಕಾದ ಮಾತು ಇದು. ಕನ್ನಡದಲ್ಲಿ ಬೇಟೆಗಾರನ ಆತ್ಮಕತೆಯಿದೆ, ಹಳು ನುಗ್ಗಿದವನ ಆತ್ಮಕತೆಯಿಲ್ಲ.

ತೇಜಸ್ವಿಯವರ ಕರ್ವಾಲೋ (1980) ಈ ಪರಂಪರೆಯನ್ನು ತಲೆಕೆಳಗು ಮಾಡಿದ ಕಾದಂಬರಿ. ಮೇಲ್ನೋಟಕ್ಕೆ ಅದೂ ದುರ್ಗಮ ಕಾಡಿನಲ್ಲಿ ಒಂದು ಪ್ರಾಣಿಯನ್ನು ಹುಡುಕಿಕೊಂಡು ಹೋಗುವ ಕತೆಯೇ. ಪ್ರಾಣಿ ಹಾರುವ ಓತಿ. ಹುಡುಕುವವನು ವಿಜ್ಞಾನಿ. ಆದರೆ ವಿಜ್ಞಾನಿಗೆ ದಾರಿ ಗೊತ್ತಿಲ್ಲ. ಓತಿಯನ್ನು ಕಂಡವನು ಮಂದಣ್ಣ. ಊರಿನ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು, ಕಳ್ಳಭಟ್ಟಿಯ ಕೇಸಿನಲ್ಲಿ ಸಿಕ್ಕಿಬಿದ್ದವನು. ಆದರೆ ಕಾಡನ್ನು ನೋಡುವ ಅವನ ಕಣ್ಣಿಗೆ ಕರ್ವಾಲೋ ತಲೆಬಾಗುತ್ತಾರೆ. ಪ್ಯಾರ, ಎಂಗ್ಟ, ಬಿರಿಯಾನಿ ಕರಿಯಪ್ಪ ಎಲ್ಲರೂ ಬರಿಯ ಆಳುಗಳಲ್ಲ, ಕತೆಯನ್ನು ಮುಂದೆ ತಳ್ಳುವ ಜೀವಗಳು. ಆಂಡರ್ಸನ್ನನ ಬೈರ ದೊರೆಗೆ ದಾರಿ ತೋರಿ ಹಿಂದೆ ಸರಿಯುತ್ತಾನೆ. ಮಂದಣ್ಣ ಹಿಂದೆ ಸರಿಯುವುದಿಲ್ಲ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಬೇಟೆ ಸೋಲುತ್ತದೆ, ಕತೆ ಗೆಲ್ಲುತ್ತದೆ. ಆಂಡರ್ಸನ್ನನನ್ನು ಕನ್ನಡಕ್ಕೆ ತಂದ ಲೇಖಕನೇ ಆಂಡರ್ಸನ್ನನಿಗೆ ಉತ್ತರವನ್ನೂ ಬರೆದದ್ದು ಕನ್ನಡದ ಅದೃಷ್ಟ.

ಈ ಮಾತುಗಳನ್ನು ಪುಸ್ತಕದೊಳಗೇ ಬಿಟ್ಟರೆ ಸಾಲದು. ಸಂಪಾಜೆಯ ಗಡಿಗೆ ಮತ್ತೆ ಬರೋಣ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದ ಆದೇಶದಿಂದ ಬಂದ ಸೌಲಭ್ಯ ಇದು. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಘಟ್ಟದ ಕೆಳಗಿನ ಸುಳ್ಯ ಪುತ್ತೂರಿನ ಕೃಷಿಕ ಬೆಳೆ ರಕ್ಷಣೆಗೆಂದು ಪರವಾನಗಿ ಮಾಡಿಸಬೇಕು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶದ ಬಗ್ಗೆ ಅವನ ಗೊಣಗಾಟ ತಪ್ಪಿದ್ದಲ್ಲ. ಹಂದಿ ಮಾತ್ರ ಚುನಾವಣೆಗೆ ರಜೆ ಕೊಡುವುದಿಲ್ಲ. ಇನ್ನು ಕಾಡಿನೊಳಗಿನ ಕುಡಿಯನ ಪಾಡು ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆ ಅವನಿಗೆ ವಾಸದ, ಕಿರು ಉತ್ಪನ್ನದ, ಇನ್ನೂ ಹಲವು ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿತು. ಆದರೆ ಬೇಟೆಯಾಡುವ, ಪ್ರಾಣಿ ಹಿಡಿಯುವ ಹಕ್ಕನ್ನು ಹೆಸರಿಟ್ಟು ಹೊರಗಿಟ್ಟಿತು.

ಹಾಗಾದರೆ ಬೇಟೆಯನ್ನು ಮತ್ತೆ ಬಿಡಬೇಕು ಎಂದು ನಾವು ಹೇಳುತ್ತಿದ್ದೇವೆಯೇ? ಇಲ್ಲ. ಕಾಡು ಇಷ್ಟು ಕುಗ್ಗಿದ ಮೇಲೆ ಕಡವೆಗೂ ಕಾಡುಕುರಿಗೂ ಉಳಿದಿರುವುದು ತುಂಡು ತುಂಡು ನೆಲ. ಉರುಳಿಗೆ ಗರ್ಭದ ಪ್ರಾಣಿ ಯಾವುದು, ಮರಿ ಯಾವುದು ಎಂಬ ಭೇದವಿಲ್ಲ. ರಾತ್ರಿ ಕಣ್ಣಿಗೆ ಬೆಳಕು ಬಿಟ್ಟು ಹೊಡೆಯುವುದರಲ್ಲಿ ಯಾವ ಅರಿವೂ ಇಲ್ಲ, ಶೌರ್ಯವೂ ಇಲ್ಲ. ಪೇಟೆಯ ಹೋಟೆಲಿಗೆ ಮಾಂಸ ಮಾರಲು ಹೊಡೆಯುವವನಿಗೆ ಹಳೆಯ ಬೇಟೆಯ ನೆನಪಿನ ಮುಸುಕು ಹೊದೆಸುವುದು ಮೋಸ. ದಾರಿ ತೋರಿದವರನ್ನು ಗೌರವಿಸುವುದು ಬೇರೆ, ಅವರನ್ನು ಕಾಡಿನ ದೇವತೆಗಳನ್ನಾಗಿ ಮಾಡುವುದು ಬೇರೆ. ಅವರೂ ಹಸಿವಿಗೆ, ಕೂಲಿಗೆ, ಕೆಲವೊಮ್ಮೆ ಆಸೆಗೆ ಕಾಡು ಹೊಕ್ಕ ಮನುಷ್ಯರೇ.

ಬೇಟೆಗೆ ಮಿತಿ ಹಾಕುವುದು ಇಂದಿನ ಕಾನೂನು ಕಲಿಸಿದ ಹೊಸ ಪಾಠವೇನೂ ಅಲ್ಲ. ತುಳುನಾಡಿನಲ್ಲಿ ಬೇಟೆಗೆ ಕೆಡ್ಡಸದ ದಿನಗಳಿದ್ದವು. ಭೂಮಿ ಮುಟ್ಟಾಗಿದ್ದಾಳೆಂದು ಆ ಹೊತ್ತಿನಲ್ಲಿ ನೆಲ ಅಗೆಯುವಂತಿರಲಿಲ್ಲ. ಕೊಡಗಿನಲ್ಲಿ ನಾಟಿ ಮುಗಿದು ಕೈಲ್‌ಪೋಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆಯಾದ ಮೇಲೆ ಬೇಟೆಯ ಕಾಲ. ಎರಡು ಕಡೆಯೂ ಬೇಟೆ ವರ್ಷದ ಲೆಕ್ಕದೊಳಗೆ ಇದ್ದ ಕೆಲಸ. ಇಸ್ಲಾಮಿನಲ್ಲಿ ಬೇಟೆಗೆ ಅನುಮತಿಯಿದೆ. ಅಲ್ಲಾಹನ ಹೆಸರು ಹೇಳಿ ಬಿಟ್ಟ ತರಬೇತಿಯ ಪ್ರಾಣಿ ಹಿಡಿದು ತಂದದ್ದೂ ತಿನ್ನಲು ಯೋಗ್ಯ. ಆದರೆ ಹಜ್ಜಿಗೋ ಉಮ್ರಾಕ್ಕೋ ಇಹ್ರಾಮ್ ಕಟ್ಟಿದವನಿಗೆ ನೆಲದ ಬೇಟೆ ನಿಷಿದ್ಧ. ಮಕ್ಕಾದ ಹರಮ್ ಗಡಿಯೊಳಗೆ ಯಾರಿಗೂ ಬೇಟೆಯಿಲ್ಲ. ಅಲ್‌ಮಾಇದಾ ಅಧ್ಯಾಯ ಇದನ್ನು ಒಂದು ಪರೀಕ್ಷೆಯಾಗಿಯೇ ಕಾಣುತ್ತದೆ. ಪ್ರಾಣಿ ಕೈಗೆಟುಕುವಷ್ಟು ಹತ್ತಿರವಿದೆ, ಭರ್ಜಿಗೆ ಸಿಗುವಷ್ಟು ಹತ್ತಿರವಿದೆ, ಆದರೂ ಕೈ ಎತ್ತಬಾರದು. ಯಾರೂ ನೋಡದ ಜಾಗದಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಅಲ್ಲಿನ ಪ್ರಶ್ನೆ. ದೂರದ ಕಾಡಿಗೆ ಹೋಗಿ ಪ್ರಾಣಿಯನ್ನು ಗೆಲ್ಲುವುದು ಒಂದು ಬಗೆಯ ಬೇಟೆ. ಹತ್ತಿರದ ಪ್ರಾಣಿಯ ಮುಂದೆ ತನ್ನನ್ನೇ ಗೆಲ್ಲುವುದು ಇನ್ನೊಂದು ಬಗೆ. ಬೇಟೆ ಸಾಹಿತ್ಯದ ಒಳ್ಳೆಯ ಪುಟಗಳಲ್ಲಿ ಈ ಎರಡನೆಯದೂ ಬರುತ್ತದೆ. ಕೋವಿ ಎತ್ತಿ ಇಳಿಸಿದವನ ನೆನಪು ಹೊಡೆದವನ ನೆನಪಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಇವತ್ತು ಕೋವಿಯ ಜಾಗಕ್ಕೆ ಮೊಬೈಲು ಬಂದಿದೆ. ಬೆನ್ನಿಗೆ ಚೀಲ ಹೊತ್ತು ಯಾರೂ ಕಾಲಿಡದ ಜಾಗ ಹುಡುಕುವವರು ಈಗ ಚಾರಣಿಗರು. ಹುಡುಕಾಟದ ಗುಣ ಹಳೆಯದೇ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾಲುಗಟ್ಟಿ ನಿಂತ ಜನಜಂಗುಳಿಯ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಸರಕಾರ ಚಾರಣವನ್ನು ಕೆಲಕಾಲ ನಿಲ್ಲಿಸಿ ಆನ್‌ಲೈನ್ ಬುಕಿಂಗಿನ ಕಟ್ಟಳೆ ತರಬೇಕಾಯಿತು. ಎಲ್ಲರೂ ಏಕಾಂತ ಹುಡುಕಿ ಹೋದರೆ ಏಕಾಂತ ಎಲ್ಲಿ ಉಳಿಯುತ್ತದೆ? ಈ ಚಾರಣಿಗರ ಬರಹಗಳಲ್ಲೂ ಕಾಡು ಖಾಲಿ. ಇಲ್ಲೊಂದು ಊರಿದೆ, ಈ ಊರಿಗೊಂದು ಕತೆಯಿದೆ ಎಂಬುದು ಅಲ್ಲಿ ಬರುವುದು ಕಡಿಮೆ.

ಆದರೆ ಕಾಡು ಖಾಲಿಯಲ್ಲ ಎಂದು ಅದೇ ನೆಲ ಆಗಾಗ ನೆನಪಿಸುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮದೆನಾಡು ಕಡೆಯ ಗುಡ್ಡಗಳು ಕುಸಿದವು. ಹೆದ್ದಾರಿ ಮುಚ್ಚಿತು. ಮನೆ ಕಳೆದುಕೊಂಡವರಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳು ಆಶ್ರಯವಾದವು. ನಕ್ಷೆಯಲ್ಲಿ ಹಸಿರಾಗಿ, ಖಾಲಿಯಾಗಿ ಕಾಣುತ್ತಿದ್ದ ಇಳಿಜಾರುಗಳಲ್ಲಿ ಎಷ್ಟು ಒಲೆಗಳು ಉರಿಯುತ್ತಿದ್ದವು ಎಂಬುದು ಹೊರಗಿನವರಿಗೆ ಆಗ ಗೊತ್ತಾಯಿತು. 2022ರ ಜೂನ್ ಜುಲೈಯಲ್ಲಿ ಸಂಪಾಜೆ, ಚೆಂಬು ಸುತ್ತ ಭೂಮಿ ಮೆಲ್ಲಗೆ ನಡುಗಿದಾಗಲೂ ಹಾಗೆಯೇ. 2023ರ ಫೆಬ್ರವರಿಯಲ್ಲಿ ಕಡಬದ ಬಳಿಯ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು. ಪ್ರಾಣಿ ಎಲ್ಲಿದೆ ಎಂದು ಹುಡುಕುತ್ತ ಹೋಗುವ ಕಾಲ ಮುಗಿದು, ಪ್ರಾಣಿ ಎಲ್ಲಿಂದ ಬಂದೀತು ಎಂದು ಹೆದರುವ ಕಾಲ ಈ ಊರುಗಳಿಗೆ ಬಂದಿದೆ. ಆನೆಯ ದಾರಿ, ಹಂದಿಯ ಕಂಡಿ, ಕಡವೆಯ ನೀರಿನ ಜಾಗ ಬಲ್ಲವರ ಅರಿವು ಹಿಂದೆ ಕೊಲ್ಲಲು ಬೇಕಿತ್ತು. ಈಗ ಇಬ್ಬರೂ ಬದುಕಲು ಬೇಕು.

ಆದ್ದರಿಂದ ಕನ್ನಡದ ಬೇಟೆ ಸಾಹಿತ್ಯವನ್ನು ಮರಳಿ ಓದುವುದೆಂದರೆ ಹಳೆಯ ಶೌರ್ಯವನ್ನು ಮೆಲುಕು ಹಾಕುವುದಲ್ಲ. ಪುಟದ ಅಂಚಿನಲ್ಲಿ ನಿಂತವರನ್ನು ಗುರುತಿಸುವುದು. ಹಳು ನುಗ್ಗಿದವರಲ್ಲಿ, ಹೆಜ್ಜೆ ಓದಿದವರಲ್ಲಿ, ಒಣಮೀನು ಹೊತ್ತು ಘಟ್ಟ ಹತ್ತಿದವರಲ್ಲಿ ಕೆಲವರು ಇಂದಿಗೂ ಹಣ್ಣುಹಣ್ಣು ಮುದುಕರಾಗಿ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ತುಳುವಿನಲ್ಲೋ ಅರೆಭಾಷೆಯಲ್ಲೋ ಬ್ಯಾರಿಯಲ್ಲೋ ಅವರು ಹೇಳಿದ ಹಾಗೆಯೇ ಬರೆದಿಡುವವರು ಬೇಕು. ಕೇಸಿನ ಹೆದರಿಕೆಯಿಲ್ಲದೆ ಅವರು ಬಾಯಿ ಬಿಡುವಂಥ ನಂಬಿಕೆಯನ್ನು ಹುಟ್ಟಿಸುವವರು ಬೇಕು. ನಮ್ಮ ಅಕಾಡೆಮಿಗಳಿಗೆ, ಕಾಲೇಜುಗಳ ಕನ್ನಡ ವಿಭಾಗಗಳಿಗೆ ಇದು ಅಸಾಧ್ಯದ ಕೆಲಸವೇನೂ ಅಲ್ಲ. ಹೊಡೆದವನ ನೆನಪು ನಮ್ಮಲ್ಲಿ ಬೇಕಾದಷ್ಟಿದೆ. ದಾರಿ ಬಲ್ಲವನ ನೆನಪು ಅವನೊಂದಿಗೇ ಮಣ್ಣಾಗುವ ಮೊದಲು ಕೇಳಿಸಿಕೊಳ್ಳಬೇಕಿದೆ.